ಜೈನಕಾವ್ಯಗಳಲ್ಲಿ ಜಲಪ್ರತೀಕ: ಮಂಜೀರಾ–ಗೋದಾವರಿ ಸೀಮೆಯ ಸಾಕ್ಷ್ಯ

ಬೀದರ ತಾಲ್ಲೂಕಿನ ಬಗದಲ್ ಮತ್ತು ಅದರಾಚೆಗಿನ ಭಾಲ್ಕಿ, ಔರಾದ ಸೀಮೆಗಳು ಕೆಂಪು ಜಂಬಿಟ್ಟಿಗೆಯ ದಿಣ್ಣೆಗಳಿಂದಲೂ ಕಪ್ಪುಮಣ್ಣಿನ ಬಯಲುಗಳಿಂದಲೂ ಕೂಡಿದವು. ಬಾಲಾಘಾಟದ ಬೆಟ್ಟಸಾಲಿನಲ್ಲಿ ಹುಟ್ಟಿದ ಮಂಜೀರಾ ನದಿಯು ಈ ಸೀಮೆಯಲ್ಲಿ ಹರಿದು, ಕಾರಂಜಾ ಹೊಳೆಯನ್ನು ಕೂಡಿಕೊಂಡು, ಮುಂದೆ ಗೋದಾವರಿಯನ್ನು ಸೇರುತ್ತದೆ. ನೀರು ಇಲ್ಲಿ ಸುಲಭವಾಗಿ ದೊರೆಯುವ ವಸ್ತುವಲ್ಲ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಬೀದರಿನ ನೌಬಾದಿನಲ್ಲಿ ಜಂಬಿಟ್ಟಿಗೆಯನ್ನು ಕೊರೆದು ನೆಲದೊಳಗೆ ನೀರಿನ ಸುರಂಗವನ್ನು ನಡೆಸಬೇಕಾಯಿತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹಬ್ಬಿತ್ತೆಂದು ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗವು ಎರಡು ನದಿಗಳಿಂದ ನಾಡಿನ ಮೇರೆಯನ್ನು ಹೇಳಿದೆ. ಆ ಉತ್ತರದ ಮೇರೆಗೆ ಹತ್ತಿರವಾದ ಈ ಪ್ರದೇಶದ ಒಂದು ಕಡೆ ರಾಷ್ಟ್ರಕೂಟರ ಮಾನ್ಯಖೇಟ, ಇನ್ನೊಂದು ಕಡೆ ಚಾಲುಕ್ಯರ ಕಲ್ಯಾಣ, ಮೂಡಲಲ್ಲಿ ಪಂಪನಿಗೆ ಆಶ್ರಯವಿತ್ತ ವೇಮುಲವಾಡ. ಕನ್ನಡ ಜೈನಸಾಹಿತ್ಯದ ಮೊದಲ ಘಟ್ಟದ ಹಿರಿಯ ಕೃತಿಗಳಲ್ಲಿ ಹಲವು ಈ ಮೂರು ರಾಜಧಾನಿಗಳ ನೆರಳಿನಲ್ಲಿ ಬೆಳೆದವು. ಆ ಕೃತಿಗಳಲ್ಲಿ ನೀರು ಯಾವ ಅರ್ಥದಲ್ಲಿ ಬಂದಿದೆ, ಅದು ಕೇವಲ ವರ್ಣನಾಂಗವೋ ಅಥವಾ ತತ್ತ್ವಾಂಗವೋ ಎಂಬುದು ಇಲ್ಲಿಯ ವಿಚಾರ.

ಈ ಪ್ರಶ್ನೆ ಜೈನಕವಿಗೆ ಮಾತ್ರ ವಿಶೇಷವಾಗಿ ಏಳುವಂಥದು. ಅಲಂಕಾರಶಾಸ್ತ್ರವು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಜಲಕ್ರೀಡೆಯೂ ಸೇರಿವೆ. ಕವಿಯೆನಿಸಿಕೊಳ್ಳಬೇಕಾದವನು ಇವುಗಳನ್ನು ಬಿಡುವಂತಿಲ್ಲ. ಆದರೆ ಆಗಮದ ದೃಷ್ಟಿಯಲ್ಲಿ ನೀರು ಜಡವಸ್ತುವಲ್ಲ. ಪೃಥ್ವೀಕಾಯಿಕಾದಿ ಐದು ಬಗೆಯ ಸ್ಥಾವರ ಜೀವಗಳಲ್ಲಿ ಜಲಕಾಯಿಕವೂ ಒಂದು. ಶ್ರಾವಕನು ನೀರನ್ನು ಸೋಸಿ ಬಳಸಬೇಕೆಂಬ ಆಚಾರವು, ಆ ನೀರಿನಲ್ಲಿ ಸೇರಿರುವ ತ್ರಸಜೀವಗಳ ರಕ್ಷಣೆಯನ್ನು ಕುರಿತದ್ದು. ಇದಕ್ಕಿಂತಲೂ ಮುಖ್ಯವಾದುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ನಿರ್ಣಯ. ನದಿಯಲ್ಲಿ, ಕಡಲಿನಲ್ಲಿ ಮಿಂದರೆ ಪುಣ್ಯವೆಂಬ ನಂಬಿಕೆಯನ್ನು ಅದು ಲೋಕಮೂಢತೆಯಲ್ಲಿ ಎಣಿಸಿ, ಸಮ್ಯಗ್ದರ್ಶನಕ್ಕೆ ದೋಷವೆಂದು ತಿಳಿಸಿದೆ. ಹೀಗಾಗಿ ಜೈನಕವಿಯು ಗಂಗೆಯನ್ನು ವರ್ಣಿಸಬೇಕು, ಆದರೆ ಪೂಜಿಸಬಾರದು. ಜಲಕ್ರೀಡೆಯನ್ನು ಹೇಳಬೇಕು, ಆದರೆ ಅದರ ಹಿಂಸೆಯನ್ನು ಮರೆಯಬಾರದು.

ಇದೇ ವೇಳೆಗೆ ಶಾಸ್ತ್ರದ ಪರಿಭಾಷೆಯೇ ನೀರಿನಿಂದ ತುಂಬಿದೆ ಎಂಬುದನ್ನೂ ಮರೆಯುವಂತಿಲ್ಲ. ಕರ್ಮದ ಬರವಿಗೆ ಆಸ್ರವವೆಂದು ಹೆಸರು. ಅದು ಹರಿದು ಒಳಬರುವಿಕೆ. ತೂತುಬಿದ್ದ ದೋಣಿಯೊಳಕ್ಕೆ ನೀರು ನುಗ್ಗುವುದು ಆಸ್ರವ, ತೂತನ್ನು ಮುಚ್ಚುವುದು ಸಂವರ, ಒಳಗಿನ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ ಎಂಬ ದೃಷ್ಟಾಂತ ಪಂಡಿತರಿಗೆಲ್ಲ ಪರಿಚಿತ. ಸಂಸಾರವು ಸಾಗರ, ದಾಟುವ ಕಡವು ತೀರ್ಥ, ಆ ಕಡವನ್ನು ಮಾಡಿಕೊಟ್ಟವನು ತೀರ್ಥಂಕರ. ಇಲ್ಲಿ ನೀರು ಮೀಯುವುದಕ್ಕಲ್ಲ, ದಾಟುವುದಕ್ಕೆ ಇರುವಂಥದು. ಲೌಕಿಕರ ತೀರ್ಥಕ್ಕೂ ಜೈನರ ತೀರ್ಥಕ್ಕೂ ಇರುವ ಅಂತರವೆಲ್ಲ ಈ ಒಂದು ಭೇದದಲ್ಲಿ ಅಡಗಿದೆ.

ಹಾಗಾದರೆ ಜಿನನ ಜನ್ಮಾಭಿಷೇಕಕ್ಕೆ ನೀರೇಕೆ ಎಂಬ ಶಂಕೆ ಬರಬಹುದು. ಪುರಾಣಗಳಲ್ಲಿ ಇಂದ್ರನು ಮೇರುವಿನ ಮೇಲೆ ಶಿಶುವಿಗೆ ಅಭಿಷೇಕ ಮಾಡುವುದು ಕ್ಷೀರಸಮುದ್ರದ ಜಲದಿಂದ. ಕರಣಾನುಯೋಗದ ಗ್ರಂಥಗಳ ಪ್ರಕಾರ ಲವಣ, ಕಾಲೋದ, ಸ್ವಯಂಭೂರಮಣ ಎಂಬ ಮೂರು ಸಮುದ್ರಗಳಲ್ಲಿ ಮಾತ್ರ ಜಲಚರಗಳಿವೆ, ಉಳಿದವುಗಳಲ್ಲಿ ಇಲ್ಲ. ಕ್ಷೀರಸಮುದ್ರದ ಆಯ್ಕೆಯು ಬಿಳುಪಿನ ಸೊಬಗಿಗಾಗಿ ಮಾತ್ರ ಬಂದುದಲ್ಲ, ಲೋಕಸ್ವರೂಪದ ಶಾಸ್ತ್ರಕ್ಕೂ ಒಪ್ಪುವಂತಿದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಕವಿಯ ಪ್ರತೀಕವನ್ನು ಅರಿಯಲು ಅಲಂಕಾರಗ್ರಂಥವೊಂದೇ ಸಾಲದು, ತ್ರಿಲೋಕಸಾರವೂ ಬೇಕು.

ಈ ಇಕ್ಕಟ್ಟನ್ನು ಕಾವ್ಯದ ಒಳಗೇ ಬಿಡಿಸಿದವರಲ್ಲಿ ಅಗ್ರಗಣ್ಯರು ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಗುರುಗಳಾದ ಜಿನಸೇನಾಚಾರ್ಯರು. ಅವರ ಪಾರ್ಶ್ವಾಭ್ಯುದಯವು 364 ಪದ್ಯಗಳ ಕಾವ್ಯ. ಕಾಳಿದಾಸನ ಮೇಘದೂತದ ಪಾದಗಳನ್ನು ಒಂದೊಂದಾಗಿ, ಎರಡೆರಡಾಗಿ ತೆಗೆದುಕೊಂಡು ಉಳಿದ ಪಾದಗಳನ್ನು ತಾವು ರಚಿಸಿ, ಇಡೀ ಮೇಘದೂತವನ್ನು ಅವರು ಇದರಲ್ಲಿ ಅಡಗಿಸಿದ್ದಾರೆ. ಕಾಳಿದಾಸನಲ್ಲಿ ಮೋಡವು ವಿರಹಿಯ ಸಂದೇಶವಾಹಕ. ಜಿನಸೇನರ ಕಥಾವಸ್ತು ಪಾರ್ಶ್ವನಾಥಸ್ವಾಮಿಗೆ ಶಂಬರನು ಒಡ್ಡಿದ ಉಪಸರ್ಗ. ಹಿಂದಿನ ಭವದಲ್ಲಿ ಕಮಠನಾಗಿದ್ದ ಆ ವೈರಿಯು ಪ್ರಚಂಡ ಮಳೆಯನ್ನು ಕರೆಯುತ್ತಾನೆ. ಧರಣೇಂದ್ರನು ಹೆಡೆಯನ್ನು ಬಿಚ್ಚಿ ಕೊಡೆಯಾಗುತ್ತಾನೆ. ಸ್ವಾಮಿ ಧ್ಯಾನದಿಂದ ಕದಲುವುದಿಲ್ಲ. ಶೃಂಗಾರದ ಮೋಡವೇ ಇಲ್ಲಿ ಪರೀಷಹದ ಮೋಡವಾಗಿದೆ. ಕಾಳಿದಾಸನ ಅಕ್ಷರ ಬದಲಾಗಿಲ್ಲ, ನೀರಿನ ಅರ್ಥ ಬದಲಾಗಿದೆ.

ಹಸ್ತಪ್ರತಿಶಾಸ್ತ್ರಕ್ಕೆ ಇದರಿಂದ ಒದಗಿದ ಉಪಕಾರವೂ ಸಣ್ಣದಲ್ಲ. 9ನೆಯ ಶತಮಾನದ ಪೂರ್ವಾರ್ಧದಲ್ಲಿ ಮೇಘದೂತದ ಪಾಠ ಹೇಗಿತ್ತೆಂಬುದಕ್ಕೆ ಪಾರ್ಶ್ವಾಭ್ಯುದಯವು ಕಾಲನಿಶ್ಚಯವುಳ್ಳ ಸಾಕ್ಷಿ. ಕೆ. ಬಿ. ಪಾಠಕರು 1894ರಲ್ಲಿ ಪುಣೆಯಿಂದ ಮೇಘದೂತವನ್ನು ಪ್ರಕಟಿಸಿದಾಗ ಈ ಕಾವ್ಯವನ್ನೇ ಆಧಾರವಾಗಿ ಹಿಡಿದರು. ಲೌಕಿಕ ಕಾವ್ಯವೊಂದರ ಪಾಠವು ಜೈನ ಭಂಡಾರಗಳ ಪ್ರತಿಗಳಿಂದ ಹೀಗೆ ಶುದ್ಧವಾಯಿತು.

ಬಗದಲ್ ಸೀಮೆಯಲ್ಲಿಯೇ ಇರುವ ಕಮಠಾಣದಲ್ಲಿ ಪಾರ್ಶ್ವನಾಥ ಬಸದಿಯಿದೆ. ಪಾರ್ಶ್ವಬಿಂಬದ ಮೇಲಣ ಹೆಡೆಯನ್ನು ಸಾಮಾನ್ಯವಾಗಿ ಲಾಂಛನವೆಂದಷ್ಟೇ ನೋಡುವುದು ರೂಢಿ. ಆದರೆ ಹೆಡೆಯಿದೆಯೆಂದರೆ ಅದರ ಮೇಲೆ ಕಾಣದ ಮಳೆಯೊಂದಿದೆ. ಮಳೆಯನ್ನೇ ಎದುರುನೋಡುವ ಸೀಮೆಯಲ್ಲಿ ಮಳೆಯ ಉಪಸರ್ಗವನ್ನು ಗೆದ್ದ ಮೂರ್ತಿಯನ್ನು ಆರಾಧಿಸುವಲ್ಲಿ ಒಂದು ತಾತ್ಪರ್ಯವುಂಟು: ಬಯಸಿದ ವಸ್ತುವೂ ಬೇಡದ ವಸ್ತುವೂ ಒಂದೇ ನೀರು, ಸಮಭಾವವು ಎರಡಕ್ಕೂ ಮೇಲಿನದು.

ಜಿನಸೇನರ ಆದಿಪುರಾಣವನ್ನು ಅನುಸರಿಸಿ ಕ್ರಿ.ಶ. 941ರಲ್ಲಿ ಕನ್ನಡ ಆದಿಪುರಾಣವನ್ನು ರಚಿಸಿದ ಪಂಪನಲ್ಲಿ ನೀರು ಆಯುಧದ ಸ್ಥಾನಕ್ಕೆ ಬಂದಿದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಜನಕ್ಷಯವನ್ನು ತಪ್ಪಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ಜಿನಸೇನರ ಲೆಕ್ಕದಲ್ಲಿ ಭರತನ ಎತ್ತರ 500 ಧನುಸ್ಸು, ಬಾಹುಬಲಿಯದು 525. ಭರತನು ಎರಚಿದ ನೀರು ತಮ್ಮನ ಎದೆಯನ್ನು ಮುಟ್ಟಿ ಇಳಿಯುತ್ತದೆ. ತಮ್ಮನು ಎರಚಿದ್ದು ಅಣ್ಣನ ಮೊಗವನ್ನೇ ಮುಚ್ಚುತ್ತದೆ. ರಾಜರ ಜಲಕ್ರೀಡೆಯೆಂಬ ಕಾವ್ಯವಿಧಿಯು ಇಲ್ಲಿ ರಕ್ತವಿಲ್ಲದ ಯುದ್ಧವಾಗಿ ಮಾರ್ಪಟ್ಟಿದೆ. ಆದರೂ ಕ್ರೀಡೆಯ ನೀರು ಕೋಪವನ್ನು ಆರಿಸದು. ಸೋತ ಭರತನು ಚಕ್ರವನ್ನು ಎತ್ತುತ್ತಾನೆ. ಕಡೆಗೆ ಬಾಹುಬಲಿಯ ಕಷಾಯವು ಶಮನಗೊಳ್ಳುವುದು ತಪಸ್ಸಿನಲ್ಲಿ. ಆಗ ಬಳ್ಳಿಗಳು ತೋಳನ್ನು ಹಬ್ಬುತ್ತವೆ, ಹುತ್ತಗಳು ಕಾಲ ಬಳಿ ಏಳುತ್ತವೆ. ಪ್ರಕೃತಿಯನ್ನು ಎರಚಾಡಿ ಗೆದ್ದವನು ಪ್ರಕೃತಿಯು ತನ್ನ ಮೇಲೆ ಬೆಳೆಯಲು ಎಡೆಗೊಟ್ಟು ನಿಲ್ಲುತ್ತಾನೆ. ಶ್ರವಣಬೆಳಗೊಳದ ಮೂರ್ತಿಯ ಬಳ್ಳಿಗಳಿಗೆ ಇದೇ ಅರ್ಥ.

ಪಂಪನಿಗೆ ಕವಿತಾಗುಣಾರ್ಣವನೆಂಬ ಬಿರುದಿತ್ತು. ಅವನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದ ಬಳಿ ಬೆಟ್ಟದಲ್ಲಿ ಬರೆಯಿಸಿದ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿದೆ. ತ್ರಿಭುವನತಿಲಕವೆಂಬ ಬಸದಿ, ಮದನವಿಲಾಸವೆಂಬ ತೋಟ ಮತ್ತು ಕವಿತಾಗುಣಾರ್ಣವವೆಂಬ ಕೆರೆಗಳನ್ನು ಅವನು ಮಾಡಿಸಿದನೆಂದು ಅದರಿಂದ ತಿಳಿದುಬರುತ್ತದೆ. ಅರ್ಣವವೆಂಬ ರೂಪಕವು ಕವಿಯ ಬಿರುದಾಗಿ, ಆ ಬಿರುದು ಮತ್ತೆ ಜನ ಕುಡಿಯುವ ನೀರಿನ ಹೆಸರಾಯಿತು. ಬರಿಯ ಅಲಂಕಾರವಾಗಿ ಮುಗಿಯಬಹುದಾಗಿದ್ದ ಮಾತು ದಾನಧರ್ಮವಾಗಿ ನೆಲಕ್ಕಿಳಿದ ಇಂಥ ನಿದರ್ಶನ ವಿರಳ.

ರನ್ನನ ಎರಡು ಕೃತಿಗಳು ಜಲಪ್ರತೀಕದ ಎರಡು ಮುಖಗಳನ್ನು ತೋರಿಸುತ್ತವೆ. ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿದ ಗದಾಯುದ್ಧವು ಲೌಕಿಕ ಕಾವ್ಯ. ಅದರಲ್ಲಿ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮನ ಗರ್ಜನೆಯನ್ನು ಕೇಳಿ ತಣ್ಣೀರಿನ ನಡುವೆ ಇದ್ದೂ ಬೆವರುತ್ತಾನೆ. ಹೊರಗಿನ ನೀರು ಒಳಗಿನ ಉರಿಯನ್ನು ತಣಿಸಲಾರದೆಂಬುದನ್ನು ರನ್ನನು ಉಪದೇಶದ ಸೋಂಕಿಲ್ಲದೆ ಕಾಣಿಸಿದ್ದಾನೆ. ಸ್ನಾನದಿಂದ ಶುದ್ಧಿಯಿಲ್ಲವೆಂಬ ಶ್ರಾವಕಾಚಾರದ ಮಾತಿಗೂ ಈ ಸನ್ನಿವೇಶಕ್ಕೂ ಒಳಸಂಬಂಧವನ್ನು ಊಹಿಸಲು ಅವಕಾಶವಿದೆ.

ಕ್ರಿ.ಶ. 993ರ ಅಜಿತಪುರಾಣವು ಆಗಮಿಕ ಕಾವ್ಯ. ಎರಡನೆಯ ತೀರ್ಥಂಕರರ ಚರಿತೆಯೊಡನೆ ಸಗರ ಚಕ್ರವರ್ತಿಯ ಕಥೆಯನ್ನು ಒಳಗೊಂಡಿದೆ. ವೈದಿಕ ಪರಂಪರೆಯಲ್ಲಿ ಈ ಕಥೆ ಗಂಗಾವತರಣದ ಮಹಿಮೆಗಾಗಿ ಪ್ರಸಿದ್ಧ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಅದರ ದಿಕ್ಕು ಬೇರೆ. ಸಗರಪುತ್ರರು ಕೈಲಾಸದ ಜಿನಾಲಯಗಳ ರಕ್ಷಣೆಗೆ ಕಂದಕವನ್ನು ತೋಡಿ ಗಂಗೆಯನ್ನು ತರುತ್ತಾರೆ. ಸಗರನ ಹಿಂದಿನ ಭವದ ಗೆಳೆಯನಾದ ಮಣಿಕೇತುವೆಂಬ ದೇವನು ಅವನಿಗೆ ವೈರಾಗ್ಯವನ್ನು ಹುಟ್ಟಿಸಲು ಸರ್ಪರೂಪದಿಂದ ಮಕ್ಕಳನ್ನು ಮಾಯೆಯಿಂದ ಬೂದಿಮಾಡುತ್ತಾನೆ. ಸಗರನು ದೀಕ್ಷೆಗೊಳ್ಳುತ್ತಾನೆ, ಎಚ್ಚತ್ತ ಮಕ್ಕಳೂ ಅದೇ ದಾರಿ ಹಿಡಿಯುತ್ತಾರೆ. ಭಗೀರಥನು ಮುಂದೆ ಗಂಗೆಯ ತಡಿಯಲ್ಲಿ ಪ್ರತಿಮಾಯೋಗದಲ್ಲಿ ನಿಂತಾಗ ಇಂದ್ರನು ಕ್ಷೀರಸಮುದ್ರದ ನೀರಿನಿಂದ ಅವನ ಪಾದಗಳನ್ನು ತೊಳೆಯುತ್ತಾನೆ. ಆ ನೀರು ಹರಿದು ಗಂಗೆಯಲ್ಲಿ ಸೇರಿತು. ಅಂದಿನಿಂದ ಗಂಗೆ ತೀರ್ಥವೆನಿಸಿತು. ನದಿಯು ಮನುಷ್ಯನನ್ನು ಪವಿತ್ರಗೊಳಿಸಲಿಲ್ಲ, ತಪಸ್ವಿಯು ನದಿಯನ್ನು ಪವಿತ್ರಗೊಳಿಸಿದನು. ಲೋಕದ ಗಂಗಾಭಕ್ತಿಯನ್ನು ಹಳಿಯದೆ ಅದರ ಕಾರಣವನ್ನು ತಪಸ್ಸಿನಲ್ಲಿ ಇಟ್ಟಿರುವುದು ಈ ಆಖ್ಯಾನದ ಜಾಣ್ಮೆ.

ಇದೇ ಕ್ರಮವು ಚರಿತ್ರೆಗೆ ಸೇರಿದ ವ್ಯಕ್ತಿಯೊಬ್ಬರ ವಿಷಯದಲ್ಲಿಯೂ ಕಾಣುತ್ತದೆ. ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯ ಗುಣಸ್ತುತಿಯಲ್ಲಿ ಕ್ರಿ.ಶ. 1007ರ ಲಕ್ಕುಂಡಿ ಶಾಸನವು, ಆಕೆಯ ಜಿನಭಕ್ತಿಗೆ ಗೋದಾವರಿಯ ಪ್ರವಾಹವು ತಡೆದು ನಿಂತಿತೆಂದು ಹೇಳುತ್ತದೆ. ಆಕೆ ಗೊಮ್ಮಟನ ದರ್ಶನಕ್ಕೆ ಬೆಟ್ಟವೇರಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವನ್ನು ಕಳೆಯಿತೆಂದು ಅಜಿತಪುರಾಣವು ತಿಳಿಸುತ್ತದೆ. ಮಂಜೀರಾ ಸೇರುವ ಗೋದಾವರಿಯೇ ಇಲ್ಲಿ ಶ್ರಾವಕಿಯೊಬ್ಬಳ ವ್ರತದ ಮುಂದೆ ಬಾಗಿದೆ. ಘಟನೆಯ ಭೌತಿಕ ಸತ್ಯವನ್ನು ಚರಿತ್ರಕಾರನು ಒಪ್ಪಲೇಬೇಕೆಂದಿಲ್ಲ; ಆದರೆ ಪ್ರಶಸ್ತಿಕಾರನು ಆರಿಸಿಕೊಂಡ ಪ್ರತೀಕವು ಭಗೀರಥ ಕಥೆಯ ಜಾಡಿನಲ್ಲಿಯೇ ಇದೆ ಎಂಬುದು ಗಮನಾರ್ಹ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಇದೇ ಅತ್ತಿಮಬ್ಬೆ. ಗ್ರಂಥವನ್ನು ನೀರಿನಿಂದಲೂ ಎಣ್ಣೆಯಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಿರೆಂದು ಲಿಪಿಕಾರರು ಪ್ರತಿಗಳ ಕೊನೆಯಲ್ಲಿ ಬೇಡಿಕೊಳ್ಳುವುದು ವಾಡಿಕೆ. ಕಾವ್ಯದೊಳಗೆ ಪ್ರತೀಕವಾದ ನೀರು ಓಲೆಗರಿಗೆ ನಿಜವಾದ ಶತ್ರು.

ಸಂಪಾದಕರ ಹೊಣೆಯೂ ಇಲ್ಲಿಯೇ ಬರುತ್ತದೆ. ಸಂಸ್ಕೃತ ಕವಿಸಮಯದಲ್ಲಿ ಡಕಾರ ಲಕಾರಗಳಿಗೆ ಅಭೇದವಿರುವುದರಿಂದ ಜಲ, ಜಡ ಶಬ್ದಗಳು ಶ್ಲೇಷೆಗೆ ಒದಗುತ್ತವೆ. ಜಡಾಶಯವೆಂದರೆ ಕೊಳವೂ ಹೌದು, ಮಂದಬುದ್ಧಿಯೂ ಹೌದು. ಕನ್ನಡದಲ್ಲಿ ಲಕಾರವು ಕ್ಷಳವಾಗಿ ಜಳವೆಂಬ ರೂಪವೂ ಬಳಕೆಯಲ್ಲಿದೆ. ಪ್ರತಿಗಳಲ್ಲಿ ಈ ಮೂರೂ ರೂಪಗಳು ಪಾಠಾಂತರಗಳಾಗಿ ಎದುರಾಗಬಹುದು. ಪ್ರಾಸಸ್ಥಾನದಲ್ಲಿದ್ದರೆ ನಿರ್ಣಯ ಸುಲಭ. ಉಳಿದೆಡೆ ಜಡವೆಂಬುದನ್ನು ಕೈತಪ್ಪೆಂದು ಭಾವಿಸಿ ಜಲವೆಂದು ತಿದ್ದಿದರೆ ಅಕ್ಷರ ಉಳಿದು ಅರ್ಥ ಹೋಗುತ್ತದೆ. ಅಜ್ಞಾನವನ್ನು ಸೂಚಿಸುವ ನೀರು ಬರಿಯ ನೀರಾಗುತ್ತದೆ. ಕವಿಯ ಆಗಮನಿಷ್ಠೆ ಓದುಗನಿಗೆ ಕಾಣದಾಗುತ್ತದೆ. ಸಮುದ್ರ, ನದಿ, ಜಲಕ್ರೀಡೆಯ ವರ್ಣನೆಗಳನ್ನು ಪುನರುಕ್ತಿಯೆಂದು ಸಂಗ್ರಹಗಳಲ್ಲಿ ಕೈಬಿಡುವುದರಿಂದಲೂ ಇದೇ ನಷ್ಟ.

ಮಾನ್ಯಖೇಟದಿಂದ ಗೋದಾವರಿಯವರೆಗಿನ ಈ ಸಾಕ್ಷ್ಯಗಳನ್ನು ಒಟ್ಟಾಗಿ ನೋಡಿದರೆ, ಜೈನಕವಿಗಳು ವರ್ಣನೆಯ ವಿಧಿಯನ್ನು ಮೀರದೆ ಅದರ ತಿರುಳನ್ನು ಬದಲಿಸಿದರೆಂಬುದು ಸಿದ್ಧವಾಗುತ್ತದೆ. ಮೋಡವು ಪರೀಷಹವಾಯಿತು, ಕ್ರೀಡೆಯು ರಕ್ತರಹಿತ ಯುದ್ಧವಾಯಿತು, ಕೊಳವು ಸುಡುವ ಮನಸ್ಸಿಗೆ ಕನ್ನಡಿಯಾಯಿತು, ನದಿಯು ತಪಸ್ಸಿಗೆ ಮಣಿಯಿತು. ನೀರನ್ನು ಪೂಜಿಸದೆಯೂ ಅದನ್ನು ಗೌರವಿಸಲು ಸಾಧ್ಯವೆಂಬುದಕ್ಕೆ, ಸೋಸುವ ಬಟ್ಟೆಯನ್ನು ಹಿಡಿದ ಶ್ರಾವಕನ ಆಚಾರವೂ ಈ ಕವಿಗಳ ಪದ್ಯವೂ ಸಮಾನ ಸಾಕ್ಷಿಗಳು.