ಪರಂಗಿಮಲೆಯ ಶಿಲುಬೆ ಮತ್ತು ಅದರ ಶಾಸನ

ಚೆನ್ನೈ ನಗರದ ದಕ್ಷಿಣ ಭಾಗದಲ್ಲಿ, ವಿಮಾನ ನಿಲ್ದಾಣಕ್ಕೆ ಅನತಿದೂರದಲ್ಲಿ, ಸುಮಾರು 300 ಅಡಿ ಎತ್ತರದ ಒಂದು ಗುಡ್ಡವಿದೆ. ಇಂಗ್ಲಿಷಿನಲ್ಲಿ ಅದನ್ನು ಸೇಂಟ್ ಥಾಮಸ್ ಮೌಂಟ್ ಎನ್ನುತ್ತಾರೆ. ತಮಿಳಿನಲ್ಲಿ ಅದು ಪರಂಗಿಮಲೆ. ಪರಂಗಿ ಎಂದರೆ ಫರಂಗಿ. ಇಲ್ಲಿ ನೆಲೆಯೂರಿದ್ದ ಪೋರ್ಚುಗೀಸರ ನೆನಪು ಈ ಹೆಸರಿನಲ್ಲಿ ಉಳಿದುಕೊಂಡಿದೆ. ಗುಡ್ಡದ ನೆತ್ತಿಯ ಮೇಲಿರುವ ಕಥೋಲಿಕ ಇಗರ್ಜಿ ಗಾತ್ರದಲ್ಲಿ ಚಿಕ್ಕದು. ಆದರೆ ಭಾರತದ ಕ್ರೈಸ್ತ ಚರಿತ್ರೆಯ ಒಂದು ಜಟಿಲ ಪ್ರಶ್ನೆ ಅದರ ಗರ್ಭದಲ್ಲಿ ಅಡಗಿದೆ.

ಇಂದು ವಾಹನಗಳು ಮೇಲಿನವರೆಗೂ ಹೋಗುತ್ತವೆ. ಆದರೂ ಹಲವರು ಕಲ್ಲಿನ ಮೆಟ್ಟಿಲುಗಳನ್ನೇ ಏರುತ್ತಾರೆ. ಇವನ್ನು 1726ರಲ್ಲಿ ಕಟ್ಟಿಸಿದವನು ಮದರಾಸಿನ ಆರ್ಮೇನಿಯನ್ ವರ್ತಕ ಕೋಜಾ ಪೆಟ್ರಸ್ ಉಸ್ಕಾನ್. ಸೈದಾಪೇಟೆಯಲ್ಲಿ ಅಡ್ಯಾರು ನದಿಗೆ ಸೇತುವೆ ಕಟ್ಟಿಸಿ ಗುಡ್ಡಕ್ಕೆ ಬರುವ ಯಾತ್ರಿಕರಿಗೆ ಹಾದಿ ಸುಗಮಗೊಳಿಸಿದವನೂ ಆತನೇ. ಮೇಲೆ ನಿಂತವರಿಗೆ ವಿಮಾನಗಳು ಇಳಿಯುವ ದೃಶ್ಯ ಕಣ್ಣಿಗೆ ಬೀಳುತ್ತದೆ. ಬಹುತೇಕ ಪ್ರವಾಸಿಗಳು ಆ ನೋಟದ ಚಿತ್ರ ತೆಗೆದುಕೊಂಡು, ಒಳಗೆ ಹೋಗಿ, ಬಲಿಪೀಠದ ಹಿಂದಿನ ಗೋಡೆಯಲ್ಲಿ ಕೂಡಿಸಿರುವ ಕರಿಯ ಶಿಲೆಯ ಶಿಲುಬೆಯನ್ನು ನೋಡುತ್ತಾರೆ. ಅದನ್ನು ಯೇಸುವಿನ ಶಿಷ್ಯ ಸಂತ ಥಾಮಸನೇ ಸ್ವಹಸ್ತದಿಂದ ಕೆತ್ತಿದನೆಂದೂ, ಅದನ್ನು ತಬ್ಬಿಕೊಂಡೇ ಪ್ರಾಣ ಬಿಟ್ಟನೆಂದೂ ಪರಂಪರೆ ಹೇಳುತ್ತದೆ.

ಈ ಪರಂಪರೆ ಬೆಳೆದ ಬಗೆಯನ್ನು ಗ್ರಂಥಗಳಲ್ಲಿ ಗುರುತಿಸಬಹುದು. ಸುಮಾರು 3ನೆಯ ಶತಮಾನದ ಸಿರಿಯಾಕ್ ಕೃತಿಯಾದ 'ಥಾಮಸನ ಕೃತ್ಯಗಳು' ಅವನನ್ನು ಗೊಂಡೊಫರೆಸ್ ಎಂಬ ಅರಸನ ಆಸ್ಥಾನಕ್ಕೆ ಕರೆತರುತ್ತದೆ. ಈ ಅರಸ ವಾಯವ್ಯ ಭಾರತದಲ್ಲಿ ಆಳಿದವನೆಂಬುದನ್ನು ಅವನ ನಾಣ್ಯಗಳು ದೃಢಪಡಿಸುತ್ತವೆ. ಅನಂತರ ಮಜ್ದಾಯಿ ಎಂಬ ಇನ್ನೊಬ್ಬ ಅರಸನ ಆಜ್ಞೆಯಂತೆ ಸೈನಿಕರು ಥಾಮಸನನ್ನು ಊರ ಹೊರಗಿನ ಬೆಟ್ಟಕ್ಕೆ ಕರೆದೊಯ್ದು ಭರ್ಜಿಗಳಿಂದ ಇರಿದು ಕೊಂದರೆಂದು ಆ ಕೃತಿ ಹೇಳುತ್ತದೆ. ಮೈಲಾಪುರದ ಹೆಸರು ಅಲ್ಲಿಲ್ಲ. 13ನೆಯ ಶತಮಾನದ ಕೊನೆಯಲ್ಲಿ ಈ ಕರಾವಳಿಗೆ ಬಂದ ಮಾರ್ಕೊ ಪೋಲೊ ಥಾಮಸನ ಸಮಾಧಿಯ ವಿಚಾರವನ್ನು ದಾಖಲಿಸಿದ್ದಾನೆ. ಆದರೆ ಅವನು ಹೇಳುವ ಸಾವಿನ ಕಥೆಯೇ ಬೇರೆ: ನವಿಲಿಗೆ ಗುರಿಯಿಟ್ಟ ಬೇಟೆಗಾರನ ಬಾಣ ಪ್ರಮಾದದಿಂದ ಸಂತನಿಗೆ ತಗುಲಿತಂತೆ. ಒಂದರಲ್ಲಿ ರಾಜಾಜ್ಞೆ, ಇನ್ನೊಂದರಲ್ಲಿ ಆಕಸ್ಮಿಕ. ಸ್ಥಳ, ಕಾರಣ, ಆಯುಧ ಮೂರೂ ಬದಲಾಗುತ್ತ ಬಂದಿದ್ದರೂ ಸಂತನ ನೆನಪು ಮಾತ್ರ ಕರಾವಳಿಯಲ್ಲಿ ಅಳಿಯದೆ ನಿಂತಿತು.

1547ರಲ್ಲಿ ಪೋರ್ಚುಗೀಸರು ಗುಡ್ಡದ ಮೇಲೆ ಅಸ್ತಿವಾರ ಅಗೆಯುವಾಗ ಈ ಶಿಲುಬೆ ದೊರೆಯಿತು. 1558ರ ಡಿಸೆಂಬರ್ 18ರಂದು ಪೂಜೆಯ ವೇಳೆ ಅದು ರಕ್ತದಂತೆ ಬೆವರಿತೆಂದೂ, 1704ರವರೆಗೆ ಆಗಾಗ ಹಾಗೆಯೇ ನಡೆಯಿತೆಂದೂ ಭಕ್ತರ ಪರಂಪರೆಯಿದೆ. ಶಿಲುಬೆಯ ಸುತ್ತ ಕಮಾನಿನಂತೆ ಒಂದು ಸಾಲು ಲಿಪಿಯಿತ್ತು. ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಪೋರ್ಚುಗೀಸರು ನರಸಿಂಗ ರಾಜ್ಯವೆಂದು ಕರೆಯುತ್ತಿದ್ದ ವಿಜಯನಗರ ಸೀಮೆಯಿಂದ ಒಬ್ಬ ಬ್ರಾಹ್ಮಣ ವಿದ್ವಾಂಸನನ್ನು ಬರಮಾಡಿಕೊಂಡರು. ಆತ ಆ ಒಂದೇ ಸಾಲಿನಿಂದ ಥಾಮಸನ ಆಗಮನ, ಬೋಧನೆ, ಮರಣಗಳ ದೀರ್ಘ ವೃತ್ತಾಂತವನ್ನೇ ಹೊರಡಿಸಿದ. ಕೇಳುವವರು ಬಯಸಿದ್ದೂ ಅದನ್ನೇ. ಆ 'ಓದು' ಐರೋಪ್ಯ ಗ್ರಂಥಗಳಲ್ಲಿ ಸೇರಿ ಬಹುಕಾಲ ಪ್ರಮಾಣವಾಗಿ ಉಳಿಯಿತು.

ಇದನ್ನು ತಿದ್ದುವ ಕೆಲಸಕ್ಕೂ ಕನ್ನಡ ನಾಡಿಗೂ ನೇರ ಸಂಬಂಧವಿದೆ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ದಕ್ಷಿಣ ಭಾರತದ ಲಿಪಿಗಳ ಆಳವಾದ ಅಭ್ಯಾಸಿ. 1873ರಲ್ಲಿ ಅವನು ದಕ್ಷಿಣ ಭಾರತದ ಪಹ್ಲವಿ ಶಾಸನಗಳ ಮೇಲೆ ಬರೆದ ಕಿರುಹೊತ್ತಗೆ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಅದರ ಹಿಂದಿನ ವರ್ಷವಷ್ಟೇ ಕಿಟ್ಟೆಲ್ ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ' ಅಲ್ಲಿ ಅಚ್ಚಾಗಿತ್ತು. ಪರಂಗಿಮಲೆಯ ಲಿಪಿ ಪರ್ಷಿಯಾದ ಪಹ್ಲವಿ ಎಂಬುದನ್ನು ಬರ್ನೆಲ್ ತೋರಿಸಿಕೊಟ್ಟ. ಅದರ ಕಾಲ 7–8ನೆಯ ಶತಮಾನವೆಂಬುದು ಅವನ ಅಭಿಪ್ರಾಯ. ಪಹ್ಲವಿಯಲ್ಲಿ ಹಲವು ಅಕ್ಷರಗಳು ಒಂದೇ ರೂಪ ತಾಳುವುದರಿಂದ ಅನಂತರದ ವಿದ್ವಾಂಸರ ಪಾಠಗಳು ಪರಸ್ಪರ ಭಿನ್ನವಾಗಿವೆ. ಬರ್ನೆಲ್ ಅದನ್ನು ಕ್ರಿಸ್ತನ ಯಾತನೆ ಮತ್ತು ದೈವತ್ವವನ್ನು ಕುರಿತ ತತ್ತ್ವವಾಕ್ಯವೆಂದು ಓದಿದ್ದ. 20ನೆಯ ಶತಮಾನದಲ್ಲಿ ವಿಂಕ್‌ವರ್ತ್ ಮತ್ತು ಅವನ ನಂತರದವರು ಅದನ್ನು ಪ್ರಾರ್ಥನೆಯೆಂದು ಓದಿದರು: ಈ ಶಿಲುಬೆಯ ಕರ್ತೃವಿನ ಮೇಲೆ ಪ್ರಭು ಕ್ರಿಸ್ತನು ಕರುಣೆ ತೋರಲಿ ಎಂಬುದು ಅದರ ತಾತ್ಪರ್ಯ. ಆ ವ್ಯಕ್ತಿಯ ಹೆಸರನ್ನು ಒಬ್ಬರು ಅಫ್ರಾಸ್ ಎಂದರೆ, ಇತ್ತೀಚಿನವರು ಗಬ್ರಿಯೇಲ್ ಎನ್ನುತ್ತಾರೆ. ತಂದೆಯ ಹೆಸರು ಚಹಾರ್‌ಬುಖ್ತ್ ಎಂಬಲ್ಲಿ ಹೆಚ್ಚಿನ ಒಮ್ಮತವಿದೆ.

ಹೀಗೆ ಲಿಪಿಯ ಸಾಕ್ಷ್ಯವನ್ನು ಒಪ್ಪಿದರೆ ಈ ಶಿಲುಬೆ 1ನೆಯ ಶತಮಾನದ ಥಾಮಸನ ಕೈಕೆಲಸವಾಗಲಾರದು. ಆದರೆ ಅದರಿಂದ ಶಿಲೆಯ ಬೆಲೆ ಕುಗ್ಗುವುದಿಲ್ಲ. ಪೋರ್ಚುಗೀಸರ ನಾವೆಗಳು ಬರುವುದಕ್ಕೆ ಶತಮಾನಗಳ ಮೊದಲೇ ಪರ್ಷಿಯಾದೊಡನೆ ಸಂಬಂಧವಿದ್ದ ಕ್ರೈಸ್ತ ಸಮುದಾಯವೊಂದು ಚೋಳಮಂಡಲ ತೀರದಲ್ಲಿ ಇದ್ದಿತೆಂಬುದಕ್ಕೆ ಅದು ಸಾಕ್ಷಿ. ಇಂಥವೇ ಶಾಸನಸಹಿತ ಶಿಲುಬೆಗಳು ಕೇರಳದ ಕೋಟ್ಟಯಂ, ಕಡಮಟ್ಟಂ ಮೊದಲಾದೆಡೆ ಇವೆ. ಗೋವೆಯಲ್ಲಿಯೂ ಒಂದು ದೊರೆತಿದೆ. ಕೊಲ್ಲಂನ ಇಗರ್ಜಿಗೆ 9ನೆಯ ಶತಮಾನದಲ್ಲಿ ಬರೆದುಕೊಟ್ಟ ತಾಮ್ರಶಾಸನದಲ್ಲಿ ಸಾಕ್ಷಿಗಳು ಅರಬ್ಬಿ, ಹೀಬ್ರೂ ಲಿಪಿಗಳ ಜೊತೆಗೆ ಪಹ್ಲವಿಯಲ್ಲಿಯೂ ಸಹಿ ಹಾಕಿದ್ದಾರೆ. ಇವೆಲ್ಲವನ್ನೂ ಜೋಡಿಸಿದಾಗ ವ್ಯಾಪಾರ ಮತ್ತು ಧರ್ಮ ಒಂದೇ ಹಡಗಿನಲ್ಲಿ ಸಾಗಿಬಂದ ಕಡಲ ಹಾದಿ ಕಣ್ಣಿಗೆ ಕಟ್ಟುತ್ತದೆ.

ಭಕ್ತನು ಸಂತನನ್ನು ನೆನೆದು ಮೊಣಕಾಲೂರುವುದಕ್ಕೆ ಶಾಸನಶಾಸ್ತ್ರದ ಅನುಮತಿ ಬೇಕಿಲ್ಲ; ಶಾಸನಶಾಸ್ತ್ರವೂ ಸಂತನ ಭಾರತಯಾತ್ರೆಯನ್ನು ಅಲ್ಲಗಳೆಯುವುದಿಲ್ಲ. ಅದು ಹೇಳುವುದು ಈ ಕಲ್ಲಿನ ಮಾತನ್ನಷ್ಟೇ. ಆಕ್ಷೇಪಾರ್ಹವಾದದ್ದು ನಂಬಿಕೆಯಲ್ಲ, ಓದಲಾಗದ ಲಿಪಿಯ ಬಾಯಲ್ಲಿ ಬಯಸಿದ ಕಥೆಯನ್ನು ಹೇಳಿಸಿದ 16ನೆಯ ಶತಮಾನದ ಆ ಆತುರ. ಅದರಿಂದ ಅನ್ಯಾಯವಾದದ್ದು ಸಂತನಿಗಲ್ಲ, ಚಹಾರ್‌ಬುಖ್ತನ ಮಗನಿಗೆ. ಕನ್ನಡದ ದಾನಶಾಸನಗಳಲ್ಲಿ ದಾನಿಯ ಹೆಸರು, ಶಿಲ್ಪಗಳ ಪೀಠಗಳಲ್ಲಿ ರೂವಾರಿಯ ಹೆಸರು ಇರುವಂತೆ, ಅವನೂ ತನ್ನ ಹೆಸರನ್ನು ಕಲ್ಲಿಗೊಪ್ಪಿಸಿ ಕರುಣೆಯನ್ನು ಬೇಡಿದ್ದ. ಗುಡ್ಡವೇರುವ ಪ್ರವಾಸಿಗಳು ಶಿಲುಬೆಯನ್ನು ನೋಡಿ ಹಿಂದಿರುಗುವ ಮುನ್ನ ಅದರ ಸುತ್ತಲಿನ ಆ ಕಮಾನಿನ ಅಕ್ಷರಗಳತ್ತಲೂ ಒಮ್ಮೆ ಕಣ್ಣು ಹಾಯಿಸಿದರೆ, ಸಾವಿರ ವರ್ಷಗಳಿಗೂ ಹಿಂದಿನ ಆ ಮೊರೆಗೆ ಕಿವಿಗೊಟ್ಟಂತಾಗುತ್ತದೆ.