ಗುಲ್ವಾಡಿ ಅಂತ ಟೈಪ್ ಮಾಡಿದ್ರೆ

ಕುಂದಾಪುರದ ಹತ್ತಿರ ಇರೋ ಗುಲ್ವಾಡಿಯ ಹೆಸರನ್ನ ನೀವು ಕ್ವಿಜ್‌ನಲ್ಲಾದ್ರೂ ಕೇಳಿರ್ತೀರಿ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಯಾವುದು? 'ಇಂದಿರಾಬಾಯಿ'. ಬರೆದವರು? ಗುಲ್ವಾಡಿ ವೆಂಕಟರಾವ್. ಒಂದು ಮಾರ್ಕ್ ಸಿಕ್ತು, ಮುಗೀತು. ಓದಿದವರು ಎಷ್ಟು ಜನ? ಬಿಕಾಂ ಮುಗಿಸೋ ತನಕ ನಾನೂ ಓದಿರಲಿಲ್ಲ, ಬಿಡಿ.

ವೆಂಕಟರಾವ್ ಪೊಲೀಸ್ ಇಲಾಖೆಯಲ್ಲಿದ್ದವರು. ಎಳೆ ವಯಸ್ಸಿನ ವಿಧವೆಯೊಬ್ಬಳು ಮನೆ ಬಿಟ್ಟು ಹೊರಬಂದು, ಓದಿ, ಮತ್ತೆ ಮದುವೆಯಾಗುವ ಕಥೆಯನ್ನ 1899ರಲ್ಲೇ ಬರೆದರು. ಅಚ್ಚಾಗಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ. 1903ಕ್ಕೆ ಇಂಗ್ಲಿಷ್ ಅನುವಾದವೂ ಬಂತು. ಅವರು ತೀರಿಕೊಂಡಿದ್ದು 1913ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಹಕ್ಕುಸ್ವಾಮ್ಯ ಇರಲ್ಲ. ಅಂದ್ರೆ ಮೂಲ ಕಾದಂಬರಿ ಈಗ ಎಲ್ಲರದ್ದು.

ಆದ್ರೆ ಇಂಥ ಪುಸ್ತಕಗಳ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆದ ಸಂಶೋಧನೆ? ಅದು ಯಾರದ್ದು? ಸರ್ಕಾರದ ಸ್ಕಾಲರ್‌ಶಿಪ್, ಸರ್ಕಾರದ ಸಂಬಳ, ನಾಲ್ಕೈದು ವರ್ಷದ ದುಡಿಮೆ. ಕೊನೆಗೆ ಕಪ್ಪು ರಟ್ಟಿನ ಒಂದು ಪ್ರತಿ ಲೈಬ್ರರಿಯ ಬೀರುವಿನಲ್ಲಿ. ಬೇರೆ ಊರಿನವರು ನೋಡಬೇಕಂದ್ರೆ ಪರಿಚಯ ಪತ್ರ ಹಿಡ್ಕೊಂಡು ಬಸ್ ಹತ್ತಬೇಕಿತ್ತು.

ಆ ಬೀರು ತೆಗೆಯೋ ಕೆಲಸ ಕರ್ನಾಟಕದಲ್ಲಿ ಬೇಗನೇ ಶುರುವಾಯ್ತು ಅನ್ನೋದು ನಮಗೆ ಯಾರೂ ಹೇಳ್ಕೊಟ್ಟಿಲ್ಲ. 2000ದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಶಾಲಿನಿ ಅರಸ್ ಅವರ ತಂಡ 'ವಿದ್ಯಾನಿಧಿ' ಶುರುಮಾಡಿತು. ದೇಶದ ಪಿಎಚ್‌ಡಿ ಪ್ರಬಂಧಗಳನ್ನ ಆನ್‌ಲೈನ್‌ಗೆ ತರುವ ಯೋಜನೆ ಅದು. 2002ರಲ್ಲಿ ಬೆಂಗಳೂರಿನ ಐಐಎಸ್‌ಸಿ ತನ್ನ ಸಂಶೋಧನಾ ಲೇಖನಗಳಿಗೆ ಮುಕ್ತ ರೆಪಾಸಿಟರಿ ಮಾಡಿತು. 'ಮುಕ್ತ ಪ್ರವೇಶ' ಅನ್ನೋ ಮಾತಿಗೆ ಬುಡಾಪೆಸ್ಟ್ ಘೋಷಣೆ ಹೊರಬಿದ್ದಿದ್ದೂ ಅದೇ ವರ್ಷ. ಆಮೇಲೆ 2009ರಲ್ಲಿ ಯುಜಿಸಿ ನಿಯಮ ಬಂತು: ಪ್ರಬಂಧದ ಸಾಫ್ಟ್ ಕಾಪಿ ಕೊಡಲೇಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ'ದಲ್ಲಿ ಇವತ್ತು ಲಕ್ಷಾಂತರ ಪ್ರಬಂಧಗಳಿವೆ. ಲಾಗಿನ್ ಬೇಡ, ದುಡ್ಡು ಬೇಡ.

ಹಾಗಿದ್ರೆ ತಕರಾರೇನು? ಫಾಂಟ್.

ನಗಬೇಡಿ. ಕನ್ನಡದ ಎಷ್ಟೋ ಪ್ರಬಂಧಗಳು ಯೂನಿಕೋಡ್ ಅಲ್ಲದ ಹಳೇ ಫಾಂಟ್‌ಗಳಲ್ಲಿ ಟೈಪ್ ಆಗಿರೋವು. ನಮ್ಮ ಕಣ್ಣಿಗೆ ಅಲ್ಲಿ 'ಗುಲ್ವಾಡಿ' ಅಂತಲೇ ಕಾಣುತ್ತೆ, ಕಂಪ್ಯೂಟರ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬರೀ ಸ್ಕ್ಯಾನ್ ಮಾಡಿ ಹಾಕಿದ ಪುಟವಾದ್ರೆ ಅದೊಂದು ಫೋಟೋ ಅಷ್ಟೇ. ಎರಡರಲ್ಲೂ ನಿಮ್ಮ ಸರ್ಚ್‌ಗೆ ಉತ್ತರ ಸೊನ್ನೆ. ಬೀರುವಿನ ಬಾಗಿಲು ತೆಗೆದಿದೆ, ಒಳಗೆ ಲೈಟೇ ಇಲ್ಲ! ವಿದ್ಯಾನಿಧಿಯವರು ಇದನ್ನ ಆಗಲೇ ಯೋಚಿಸಿದ್ದರು. ಪ್ರಬಂಧಗಳ ಪಟ್ಟಿಯನ್ನ ಕನ್ನಡ ಲಿಪಿಯಲ್ಲೇ, ಯೂನಿಕೋಡ್‌ನಲ್ಲೇ ಮಾಡೋಕೆ ಕೈಹಾಕಿದ್ದರು.

ಪ್ರಬಂಧ ಮುಗಿಸ್ತಿರೋ ಅಕ್ಕ-ಅಣ್ಣಂದಿರು ಯಾರಾದ್ರೂ ಕೇಳ್ತಿದ್ರೆ: ಫೈಲ್ ಯೂನಿಕೋಡ್‌ನಲ್ಲಿ ಕೊಡಿ. ಶೀರ್ಷಿಕೆ, ಸಾರಾಂಶ ಕನ್ನಡ ಲಿಪಿಯಲ್ಲೂ ಇರಲಿ ಅಂತ ಲೈಬ್ರರಿಯನ್ ಹತ್ರ ಹೇಳಿ. ಉಳಿದವರು ಸದ್ಯಕ್ಕೆ ಗುಲ್ವಾಡಿ, ಗುಲವಾಡಿ, ಗುಳ್ವಾಡಿ, ಆಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್, ಎಲ್ಲ ಹಾಕಿ ಹುಡುಕ್ತಾ ಇರಿ.