ಹುಬ್ಬಳ್ಳಿಗೆ ಬರೆದ ಚೀಟಿಗಳು

ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ, ಏಕೀಕರಣದ ಮರುವರ್ಷ. ಅಲ್ಲಿಯವರೆಗೆ ಮುಂಬೈ ರಾಜ್ಯದ ದಕ್ಷಿಣದ ಅಂಚಿನಲ್ಲಿದ್ದ ನಮ್ಮ ಭಾಗದ ಹುಡುಗರು ಡಾಕ್ಟರಿಕೆ ಕಲಿಯಲು ಪುಣೆ, ಮುಂಬೈಗಳ ದಾರಿ ಹಿಡಿಯಬೇಕಿತ್ತು. ಅಪ್ಪ ಈ ಕಾಲೇಜಿನ ಮೊದಲ ದಶಕದ ವಿದ್ಯಾರ್ಥಿ. ಓದು ಮುಗಿಸಿ ಹಾನಗಲ್ಲಿನಲ್ಲಿ ದವಾಖಾನೆ ತೆರೆದರು.

ಹಾನಗಲ್ಲು ಅರೆಮಲೆನಾಡು. ಗದ್ದೆ, ಕೆರೆ, ಮಳೆಯ ಜೊತೆಗೆ ಚಳಿಜ್ವರವೂ ಇಲ್ಲಿನದೇ. 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಮನೆಗಳಿಗೆ ಡಿಡಿಟಿ ಸಿಂಪಡಿಸಿದರು. ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದದ್ದು ಅದಾದ ಮೇಲೆ, 1953ರಲ್ಲಿ. ಅಪ್ಪ ದವಾಖಾನೆಯಲ್ಲಿ ಕೂರುವ ಹೊತ್ತಿಗೆ ಚಳಿಜ್ವರ ತಗ್ಗಿತ್ತು, ಅದರ ಅಂಜಿಕೆ ತಗ್ಗಿರಲಿಲ್ಲ.

ಒಂದು ಮೇಜು, ಒಂದು ಬಾಕು, ಸ್ಟೋವಿನ ಮೇಲೆ ಕುದಿಯುವ ಗಾಜಿನ ಸಿರಿಂಜು. ಔಷಧಿಗೆ ಬಾಟಲಿ ಮನೆಯಿಂದಲೇ ತರಬೇಕು; ಎಷ್ಟು ಕುಡಿಯಬೇಕೆಂದು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದವನ್ನು ಕಂಪೌಂಡರು ಅದಕ್ಕೆ ಅಂಟಿಸುತ್ತಿದ್ದರು. ‘ಸುಗ್ಗಿಗೆ ಕೊಡ್ತೀನ್ರಿ’ ಎಂದವರ ಲೆಕ್ಕವನ್ನು ಅಪ್ಪ ಬರೆದಿಡಲಿಲ್ಲ. ಸವಣೂರಿನವರು ತಂದ ವೀಳ್ಯದೆಲೆಯ ಕಟ್ಟು ಅವ್ವನ ತಟ್ಟೆಗೆ ಹೋಗುತ್ತಿತ್ತು.

ಅಪ್ಪ ಕಾಲೇಜಿನೊಡನೆ ಉಳಿಸಿಕೊಂಡ ನಂಟು ಚೀಟಿಗಳದು. ಕೈಮೀರುವ ರೋಗಿಯ ಕೈಯಲ್ಲಿ ನಾಲ್ಕು ಸಾಲು ಬರೆದು ಕೊಡುತ್ತಿದ್ದರು: ಜ್ವರ ಎಷ್ಟು ದಿನದ್ದು, ಏನು ಕೊಟ್ಟಿದ್ದೇನೆ, ಯಾವುದರ ಸಂಶಯ. ಬರೆಯುವುದು ಸುಲಭ, ಯಾವಾಗ ಬರೆಯಬೇಕು ಎಂಬುದೇ ಅವರ ವಿದ್ಯೆ. ಶಿಗ್ಗಾಂವಿ ಹೆದ್ದಾರಿಯ ಮೇಲಿನ ಊರು. ಅಲ್ಲಿನವರನ್ನು ಒಂದು ರಾತ್ರಿ ಕಾದು ನೋಡಬಹುದಿತ್ತು. ಹಿರೇಕೆರೂರಿನ ಕಡೆಯವರಾದರೆ ಹೊತ್ತು ಮುಳುಗುವುದರೊಳಗೆ ತೀರ್ಮಾನವಾಗಬೇಕು. 1965ರಲ್ಲಿ ದಾವಣಗೆರೆಯಲ್ಲೂ ಮೆಡಿಕಲ್ ಕಾಲೇಜು ಆದ ಮೇಲೆ ಅವರಿಗೆ ಆ ದಾರಿಯೇ ಹತ್ತಿರವಾಯಿತು. ಮನೆಯಲ್ಲಿ ಎತ್ತು ಕಟ್ಟುವವರು ಯಾರು, ಬಾಣಂತಿಯ ಜೊತೆ ಹೋಗುವವರು ಯಾರು, ಬಸ್ಸಿನ ಚಾರ್ಜಿಗೆ ಏನು ಮಾಡುತ್ತಾರೆ, ಎಲ್ಲವನ್ನೂ ಕೇಳಿಯೇ ಪೆನ್ನು ತೆಗೆಯುತ್ತಿದ್ದರು. ಕೆಲವೊಮ್ಮೆ ಚೀಟಿಯೊಳಗೆ ನೋಟೂ ಮಡಚಿಕೊಂಡು ಹೋಗುತ್ತಿತ್ತು.

ತಪ್ಪಿದ್ದೂ ಉಂಟು. ಬೆಳಗಿನವರೆಗೆ ನೋಡೋಣ ಎಂದು ಇಟ್ಟುಕೊಂಡ ಒಂದು ಕೂಸು ಉಳಿಯಲಿಲ್ಲ. ಆ ಮನೆಯ ಮುಂದೆ ಹಾದು ಹೋಗುವಾಗ ಅಪ್ಪ ಕೊನೆಯವರೆಗೂ ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದರು.

1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಈಗ ಅಲ್ಲಿಯೇ ಮೆಡಿಕಲ್ ಕಾಲೇಜೂ ಇದೆ. ಹುಬ್ಬಳ್ಳಿಯ ಕಾಲೇಜು ಬೆಳೆದು ‘ಕಿಮ್ಸ್’ ಎಂದು ಹೆಸರಾಯಿತು. ಅದರ ಚರಿತ್ರೆಯಲ್ಲಿ ಕಟ್ಟಡಗಳೂ ಪ್ರಾಧ್ಯಾಪಕರೂ ಬರುತ್ತಾರೆ. ಬಾಗಿಲಿಗೆ ಬಂದ ರೋಗಿಯ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿದ್ದ ಆ ಚೀಟಿಗಳಿಗೂ ಒಂದು ಪುಟ ಸಲ್ಲಬೇಕು.

ನಾನು ಡಾಕ್ಟರನಲ್ಲ. ಆದರೂ ಹಳೆಯ ಮಂದಿ ಸ್ಕ್ಯಾನಿಂಗ್ ಫೈಲು ಹಿಡಿದು ನಮ್ಮ ಕಟ್ಟೆಗೆ ಬಂದು ಕೂರುತ್ತಾರೆ. ಫೈಲು ಬಿಚ್ಚುವುದೂ ಇಲ್ಲ. ‘ಸಾಹೇಬ್ರು ಇದ್ದಿದ್ರ ಹೋಗಂತಿದ್ರೋ, ಬ್ಯಾಡಂತಿದ್ರೋ?’ ಎಂದಷ್ಟೇ ಕೇಳುತ್ತಾರೆ.